ಹುಲ್ಲಿನ ಎಲೆಯಲ್ಲಿ ಸುರಂಗ: ನೊಣದ ಗುರುತು ಎಲ್ಲಿಯವರೆಗೆ ಸಾಧ್ಯ?

ಎಲೆಯೊಳಗೆ ಸುರಂಗ ಕೊರೆದು ಬದುಕುವ ನೊಣಗಳನ್ನು ಆ ಸುರಂಗ ನೋಡಿಯೇ ಗುರುತಿಸುವ ಪದ್ಧತಿ ಎರಡು ಆಧಾರಗಳ ಮೇಲೆ ನಿಂತಿದೆ. ಮೊದಲನೆಯದು ಸುರಂಗದ ಆಕಾರ, ಎರಡನೆಯದು ಸುರಂಗ ಇರುವ ಗಿಡ. ಅಗಲ ಎಲೆಯ ಗಿಡಗಳಲ್ಲಿ ಈ ಎರಡನ್ನು ಸೇರಿಸಿದರೆ ಅನೇಕ ವೇಳೆ ಪ್ರಭೇದದ ಹೆಸರಿನವರೆಗೂ ಹೋಗಬಹುದು. ಹುಲ್ಲಿನ ಕುಟುಂಬಕ್ಕೆ ಬಂದಾಗ ಎರಡೂ ಆಧಾರಗಳು ಏಕಕಾಲಕ್ಕೆ ಸಡಿಲವಾಗುತ್ತವೆ. ಹಾಗಿದ್ದೂ ಹುಲ್ಲಿನ ಸುರಂಗಗಳಿಗೆ ಪ್ರಭೇದದ ಹೆಸರು ಬರೆದಿಟ್ಟ ದಾಖಲೆಗಳು ಹೇರಳವಾಗಿವೆ. ಅಂಥ ಹೆಸರುಗಳಲ್ಲಿ ಯಾವುದನ್ನು ಎಷ್ಟು ನಂಬಬಹುದು, ಸುರಂಗದಲ್ಲಿ ಆಕಾರವನ್ನು ಬಿಟ್ಟು ಇನ್ನೇನನ್ನು ನೋಡಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಯುರೋಪಿನ ಹುಲ್ಲುಗಳಿಂದ ಬಂದಿವೆ, ಏಕೆಂದರೆ ಈ ವಿಷಯದಲ್ಲಿ ಆಳವಾದ ಕೆಲಸ ನಡೆದದ್ದು ಅಲ್ಲಿ. ಕೊನೆಗೆ ನಮ್ಮ ಭತ್ತದ ಗದ್ದೆಯ ಕಡೆಗೂ ಬರುತ್ತೇನೆ.

ಎಲೆಸುರಂಗ ನೊಣಗಳಲ್ಲಿ ಬಹುಪಾಲು ಅಗ್ರೊಮೈಜಿಡೆ ಕುಟುಂಬಕ್ಕೆ ಸೇರಿದವು. ಟೊಮೆಟೊ ಎಲೆಯ ಮೇಲೆ ಬಿಳಿ ಅಂಕುಡೊಂಕು ಗೆರೆ ಎಳೆಯುವ, ನಮ್ಮ ರೈತರು ರಂಗೋಲಿ ಹುಳು ಎನ್ನುವ ಕೀಟವೂ ಇದೇ ಕುಟುಂಬದ್ದು. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 3000 ಪ್ರಭೇದಗಳಿಗೆ ಹೆಸರಿಡಲಾಗಿದೆ. ಎರಡು ಮೂರು ಮಿಲಿಮೀಟರ್ ಉದ್ದದ ಈ ಕಪ್ಪು ಅಥವಾ ಕಪ್ಪುಹಳದಿ ನೊಣಗಳು ಹೊರನೋಟಕ್ಕೆ ಒಂದರಂತೆ ಒಂದಿರುವುದರಿಂದ, ನೊಣವನ್ನು ಬಿಟ್ಟು ಅದು ಮಾಡಿಹೋದ ಕೆಲಸವನ್ನು ಓದುವ ದಾರಿ ಆಕರ್ಷಕವಾಗಿ ಕಂಡದ್ದು ಸಹಜ. ಆಮ್ಸ್ಟರ್‌ಡ್ಯಾಮಿನ ಡ ಮೇಯರೆ 1925ರಿಂದ ಈ ನೊಣಗಳ ಮರಿಹುಳುಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಡಿ ಬಿಡಿಸಿ ವಿವರಿಸಿದರು. ಬರ್ಲಿನ್ನಿನ ಎರಿಕ್ ಮಾರ್ಟಿನ್ ಹೆರಿಂಗ್ 1951ರಲ್ಲಿ ಎಲೆಸುರಂಗ ಕೀಟಗಳ ಜೀವನಕ್ರಮದ ಮೇಲೆ ಸಮಗ್ರ ಗ್ರಂಥ ಬರೆದರು. 1957ರಲ್ಲಿ ಅವರೇ ಯುರೋಪಿನ ಸುರಂಗಗಳನ್ನು ಗುರುತಿಸುವ ಕೋಷ್ಟಕಗಳನ್ನು ಹೊರತಂದರು. ಈ ಕೋಷ್ಟಕಗಳು ಕೀಟದಿಂದ ಶುರುವಾಗುವುದಿಲ್ಲ, ಗಿಡದಿಂದ ಶುರುವಾಗುತ್ತವೆ. ಗಿಡದ ಕುಲವನ್ನು ಅಕ್ಷರಾನುಕ್ರಮದಲ್ಲಿ ಹುಡುಕಿ, ಅದರಡಿ ಸುರಂಗದ ಲಕ್ಷಣಗಳನ್ನು ಹಿಡಿದು ಇಳಿಯುತ್ತಾ ಹೋಗಬೇಕು. ಇಂದಿಗೂ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಯೋಚಿಸುವ ಕ್ರಮ ಹೆರಿಂಗ್ ಹಾಕಿಕೊಟ್ಟದ್ದೇ.

ಆಕಾರ ಏಕೆ ಕೈಕೊಡುತ್ತದೆ ಎಂಬುದು ಹುಲ್ಲಿನ ಎಲೆಯ ರಚನೆಯಲ್ಲಿಯೇ ಇದೆ. ಅವರೆ, ಟೊಮೆಟೊಗಳಂಥ ಎಲೆಯಲ್ಲಿ ನರಗಳು ಬಲೆಯಾಗಿ ಹರಡಿರುತ್ತವೆ. ಅಲ್ಲಿ ಮರಿಹುಳು ಬಳಸಬಹುದು, ಸುತ್ತಬಹುದು, ಒಂದೆಡೆ ನಿಂತು ದೊಡ್ಡ ಮಚ್ಚೆ ಕೊರೆಯಬಹುದು. ಹೆರಿಂಗ್ ವಿಂಗಡಿಸಿದ ಗೆರೆ ಸುರಂಗ, ಮಚ್ಚೆ ಸುರಂಗ, ಗೆರೆಯಾಗಿ ಶುರುವಾಗಿ ಮಚ್ಚೆಯಾಗಿ ಮುಗಿಯುವ ಸುರಂಗ, ಇವೆಲ್ಲ ಇಂಥ ಎಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಹುಲ್ಲಿನ ನರಗಳು ಬುಡದಿಂದ ತುದಿಗೆ ಸಮಾನಾಂತರವಾಗಿ ಓಡುತ್ತವೆ. ದಪ್ಪ ನರಗಳ ಮೇಲೆ ಕೆಳಗೆ ಗಟ್ಟಿ ನಾರಿನ ಪಟ್ಟಿ ಹೊರಪದರದವರೆಗೂ ಮುಟ್ಟಿರುತ್ತದೆ. ಹೀಗಾಗಿ ಎಳೆಯ ಮರಿಹುಳು ಬದುಗಳ ನಡುವೆ ಉಳುವ ನೇಗಿಲಿನ ಹಾಗೆ ಎರಡು ನರಗಳ ನಡುವೆಯೇ ಸಾಗುತ್ತದೆ. ಯಾವ ಕುಲದ ನೊಣವಾದರೂ ಅದರ ಸುರಂಗದ ಮೊದಲ ಭಾಗ ಉದ್ದನೆಯ ಬಿಳಿ ಗೆರೆಯೇ ಆಗುತ್ತದೆ. ಮೇಲ್ಮೈಯ ಸುರಂಗ, ಕೆಳಮೈಯ ಸುರಂಗ ಎಂಬ ಭೇದವೂ ಇಲ್ಲಿ ಮಸುಕಾಗುತ್ತದೆ. ಅಗಲ ಎಲೆಯಲ್ಲಿ ಮೇಲಿನ ಹಸಿರು ಕೋಶಪದರ ಮತ್ತು ಕೆಳಗಿನ ಸಡಿಲ ಕೋಶಪದರ ಬೇರೆಬೇರೆ ಇದ್ದು, ಹುಳು ಒಂದನ್ನು ತಿಂದು ಇನ್ನೊಂದನ್ನು ಬಿಡುವುದು ಕಣ್ಣಿಗೆ ಕಾಣುತ್ತದೆ. ಹುಲ್ಲುಗಳ ಎಲೆಯಲ್ಲಿ ಸಾಮಾನ್ಯವಾಗಿ ಆ ವಿಭಜನೆ ಇಲ್ಲ.

ಎರಡನೆಯ ಆಧಾರವಾದ ಗಿಡದ ಮಾತು. ಅಗ್ರೊಮೈಜಿಡೆ ನೊಣಗಳು ಆಹಾರದಲ್ಲಿ ಬಹಳ ಕಟ್ಟುನಿಟ್ಟು. ಹತ್ತಾರು ಸಸ್ಯಕುಟುಂಬಗಳನ್ನು ತಿನ್ನುವ ಪ್ರಭೇದಗಳು ಬೆರಳೆಣಿಕೆಯಷ್ಟು, ಉಳಿದವು ಒಂದು ಕುಟುಂಬಕ್ಕೋ ಒಂದೇ ಕುಲಕ್ಕೋ ಅಂಟಿಕೊಂಡಿವೆ. ಈ ನಿಷ್ಠೆಯ ವಿವರವನ್ನು ಕೆನೆತ್ ಸ್ಪೆನ್ಸರ್ 1990ರ ತಮ್ಮ ಗ್ರಂಥದಲ್ಲಿ ಇಡೀ ಜಗತ್ತಿನ ಮಟ್ಟದಲ್ಲಿ ಒಟ್ಟುಗೂಡಿಸಿದ್ದಾರೆ. ಆದರೆ ಹುಲ್ಲುಸುರಂಗ ನೊಣಗಳ ನಿಷ್ಠೆ ಹೆಚ್ಚಾಗಿ ಹುಲ್ಲಿನ ಕುಟುಂಬಕ್ಕೆ, ಇಂಥದೇ ಹುಲ್ಲಿಗೆ ಅಲ್ಲ. ಗೋಧಿ, ಬಾರ್ಲಿ, ಓಟ್ಸ್, ಪಕ್ಕದ ಬದುವಿನ ಕಾಡುಹುಲ್ಲು ಎಲ್ಲದರಲ್ಲೂ ಒಂದೇ ಪ್ರಭೇದ ಬೆಳೆಯಬಲ್ಲದು. ಒಂದೇ ಗೋಧಿ ಎಲೆಯಲ್ಲಿ ಮೂರು ಕುಲಗಳ ನೊಣಗಳು ಅಕ್ಕಪಕ್ಕ ಕೊರೆಯಲೂಬಹುದು. ಗಿಡದ ಹೆಸರು ಗೊತ್ತಾದರೆ ನೊಣಗಳ ಪಟ್ಟಿ ಒಂದಿಷ್ಟು ಕಿರಿದಾಗುತ್ತದೆ, ಆದರೆ ಒಂದೇ ಹೆಸರಿಗೆ ಇಳಿಯುವುದಿಲ್ಲ.

ಹಾಗೆಂದು ಗಿಡದ ಗುರುತನ್ನು ಉದಾಸೀನ ಮಾಡುವಂತಿಲ್ಲ. ಹುಲ್ಲು, ಜೇಕು, ಜಂಕಸ್ ಈ ಮೂರನ್ನು ಬೇರ್ಪಡಿಸುವುದು ಮೊದಲ ಹೆಜ್ಜೆ. ಸೆರೊಡೊಂಥ ಕುಲವನ್ನೇ ನೋಡಿ. ಅದರ ಪೊಯೆಮೈಜ ಉಪಕುಲ ಹುಲ್ಲುಗಳದ್ದು, ಜಪಾನಿನಲ್ಲಿ ಬಿದಿರಿನ ಮೇಲೂ ಉಂಟು. ಬ್ಯುಟೊಮೊಮೈಜ ಜೇಕಿನ ಜಾತಿಯ ಕ್ಯಾರೆಕ್ಸ್ ಮೇಲೆ ಬೆಳೆಯುತ್ತದೆ. ಡೈಜೈಗೊಮೈಜದ ಹೆಚ್ಚಿನ ಪ್ರಭೇದಗಳು ಕ್ಯಾರೆಕ್ಸ್, ಐರಿಸ್ ಮುಂತಾದವುಗಳ ಮೇಲಿವೆ. ತ್ರಿಕೋನ ಕಾಂಡದ ಜೇಕನ್ನು ಹುಲ್ಲೆಂದು ಬರೆದುಕೊಂಡವರು ಇಡೀ ಉಪಕುಲವನ್ನೇ ತಪ್ಪಿ ಬೇರೆ ದಾರಿ ಹಿಡಿಯುತ್ತಾರೆ. ಹೂವಿಲ್ಲದ ಹುಲ್ಲಿನ ಗುರುತು ಎಲೆಯ ಅಲಗಿನಲ್ಲಿ ಇರುವುದಿಲ್ಲ, ಅಲಗು ಕವಚವನ್ನು ಸೇರುವ ಜಾಗದ ಎಲೆನಾಲಗೆಯಲ್ಲಿ ಇರುತ್ತದೆ. ಸುರಂಗವಿರುವ ಅಲಗನ್ನು ಮಾತ್ರ ಕಿತ್ತು ತಂದವರಿಗೆ ಆ ಸಾಕ್ಷ್ಯ ಹೊಲದಲ್ಲೇ ಉಳಿದುಹೋಗುತ್ತದೆ. ಕವಚದ ಸಮೇತ, ಸಾಧ್ಯವಾದರೆ ತೆನೆಯ ಸಮೇತ ತರಬೇಕು. ಕವಚ ಬೇಕಾಗುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಮುಂದೆ ಬರುತ್ತದೆ.

ಆಮೇಲೆ ಕೇಳಬೇಕಾದ್ದು, ಇದು ಸುರಂಗವೇ, ಸುರಂಗವಾದರೆ ನೊಣದ್ದೇ ಎಂದು. ಸುರಂಗ ಎನ್ನಬೇಕಾದರೆ ಎಲೆಯ ಎರಡೂ ಹೊರಪದರಗಳು ಉಳಿದಿರಬೇಕು. ಎಲೆ ಸುರುಳಿ ಹುಳು ಮಡಿಕೆಯೊಳಗೆ ಕೂತು ಕೆರೆದ ಬಿಳಿ ಪಟ್ಟೆಯಲ್ಲಿ ಒಂದು ಕಡೆಯ ಪದರ ಇರುವುದಿಲ್ಲ. ಎಲೆಯನ್ನು ಬೆಳಕಿಗೆ ಹಿಡಿದು ಸೂಜಿಯ ತುದಿಯಿಂದ ಮೆಲ್ಲಗೆ ಒತ್ತಿದರೆ ವ್ಯತ್ಯಾಸ ತಿಳಿಯುತ್ತದೆ. ಹುಲ್ಲಿನಲ್ಲಿ ಸುರಂಗ ಕೊರೆಯುವ ಚಿಟ್ಟೆಜಾತಿಯ ಹುಳುಗಳಲ್ಲಿ ಎಲಾಕಿಸ್ಟ ಕುಲ ಮುಖ್ಯವಾದದ್ದು. ಅದರ ಮರಿಗೆ ಗಟ್ಟಿಯಾದ ತಲೆಚಿಪ್ಪು ಇರುತ್ತದೆ, ಕೋಶವಾಗುವಾಗ ಅದು ಸುರಂಗ ಬಿಟ್ಟು ಹೊರಬಂದು ಗಿಡದ ಮೇಲ್ಮೈಗೆ ರೇಷ್ಮೆಯ ಎಳೆಯಿಂದ ತನ್ನನ್ನು ಕಟ್ಟಿಕೊಳ್ಳುತ್ತದೆ. ನೊಣದ ಮರಿಗೆ ತಲೆಚಿಪ್ಪೂ ಇಲ್ಲ, ಕಾಲೂ ಇಲ್ಲ, ರೇಷ್ಮೆಯೂ ಇಲ್ಲ. ಮುಂತುದಿಯಲ್ಲಿ ಚರ್ಮದ ಮೂಲಕ ಕಾಣುವ ಕಪ್ಪು ಬಾಯಿಕೊಕ್ಕೆಯೊಂದೇ ಅದರ ಗಟ್ಟಿ ಅಂಗ.

ಖಾಲಿ ಸುರಂಗವಾದರೆ ಹಿಕ್ಕೆಯನ್ನು ನೋಡಬೇಕು. ಅಗ್ರೊಮೈಜಿಡೆ ಮರಿ ಸುರಂಗದಲ್ಲಿ ಬೆನ್ನಿನ ಮೇಲೋ ಹೊಟ್ಟೆಯ ಮೇಲೋ ಮಲಗದೆ ಮಗ್ಗುಲಾಗಿ ಮಲಗಿ, ಬಾಯಿಕೊಕ್ಕೆಯನ್ನು ಅರ್ಧವೃತ್ತದಲ್ಲಿ ಬೀಸುತ್ತಾ ಅಂಗಾಂಶವನ್ನು ಕೆರೆಯುತ್ತದೆ. ಆಗಾಗ ಮಗ್ಗುಲು ಬದಲಿಸುತ್ತದೆ. ಹಿಂಬದಿಯಿಂದ ಬೀಳುವ ಹಿಕ್ಕೆ ಹೀಗಾಗಿ ಒಮ್ಮೆ ಸುರಂಗದ ಈ ಅಂಚಿಗೆ, ಒಮ್ಮೆ ಆ ಅಂಚಿಗೆ ಸೇರಿ, ಗೆರೆ ಸುರಂಗದಲ್ಲಿ ಎರಡು ಸಾಲುಗಳಾಗಿ ಕಾಣುತ್ತದೆ. ಚಿಟ್ಟೆಜಾತಿಯ ಹುಳು ಕೊರೆದ ಗೆರೆಯಲ್ಲಿ ಹಿಕ್ಕೆ ಸಾಮಾನ್ಯವಾಗಿ ನಡುವೆ ಒಂದೇ ಸಾಲು. ಎರಡು ಸಾಲಿನ ಹಿಕ್ಕೆ ಕಂಡರೆ ನೊಣವೆಂದು ಹೇಳಲು ಧೈರ್ಯ ಮಾಡಬಹುದು. ಹುಲ್ಲಿನ ಕಿರಿದಾದ ಸುರಂಗದಲ್ಲಿ ಎರಡು ಸಾಲುಗಳು ಒತ್ತಿಕೊಂಡು ಒಂದಾದಂತೆ ಕಾಣುವುದುಂಟು, ಹತ್ತು ಪಟ್ಟು ಹಿಗ್ಗಿಸುವ ಮಸೂರ ಇಲ್ಲದೆ ತೀರ್ಪು ಕೊಡಬಾರದು. ಎಲೆಯ ಮೇಲೆ ಉದ್ದಕ್ಕೆ ಸಾಲಾಗಿ ಬಿದ್ದ ಸಣ್ಣ ಬಿಳಿ ಚುಕ್ಕೆಗಳೂ ಸಾಕ್ಷಿ ಹೇಳುತ್ತವೆ. ಹೆಣ್ಣುನೊಣ ತನ್ನ ಗಟ್ಟಿಯಾದ ಮೊಟ್ಟೆಕೊಳವೆಯಿಂದ ಎಲೆಯನ್ನು ಚುಚ್ಚಿ, ಒಸರುವ ರಸ ಕುಡಿಯುತ್ತದೆ. ಗಂಡಿಗೆ ಚುಚ್ಚುವ ಸಾಧನ ಇಲ್ಲದ್ದರಿಂದ ಅದು ಹೆಣ್ಣು ಮಾಡಿದ ಗಾಯದಲ್ಲೇ ಕುಡಿಯಬೇಕು. ಈ ಚುಕ್ಕೆಗಳಲ್ಲಿ ಕೆಲವು ಮಾತ್ರ ಮೊಟ್ಟೆ ಇಟ್ಟ ಜಾಗಗಳು.

ಇಷ್ಟರಿಂದ ಕುಟುಂಬ ತಿಳಿಯಿತು. ಕುಲಕ್ಕೆ ಇಳಿಯಲು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕವಿರುವ ಪ್ರಶ್ನೆ, ಹುಳು ಎಲ್ಲಿ ಕೋಶವಾಯಿತು ಎಂಬುದು. ಸುರಂಗದ ಉದ್ದ, ಅಗಲ, ಬಣ್ಣಗಳೆಲ್ಲ ಎಲೆಯ ವಯಸ್ಸು, ನೆರಳು, ತೇವಗಳಿಗೆ ತಕ್ಕಂತೆ ಬದಲಾಗುತ್ತವೆ. ಕೋಶವಾಗುವ ಜಾಗ ಮತ್ತು ಭಂಗಿ ಹುಳುವಿನ ವಂಶದಿಂದ ಬಂದ ಗುಣ.

ಅಗ್ರೊಮೈಜ ಕುಲದ ಮರಿಗಳು ಬೆಳೆದು ಮುಗಿದ ಮೇಲೆ ಎಲೆಯನ್ನು ಸೀಳಿ ಹೊರಬಂದು ಮಣ್ಣಿಗೆ ಬೀಳುತ್ತವೆ. ಸುರಂಗ ಸಾಮಾನ್ಯವಾಗಿ ಎಲೆಯ ತುದಿಯ ಬಳಿ ಗೆರೆಯಾಗಿ ತೊಡಗಿ, ಮುಂದೆ ಹಲವು ನರಗಳನ್ನು ದಾಟಿ ಅಗಲವಾದ ಮಚ್ಚೆಯಾಗುತ್ತದೆ. ಒಂದೇ ಮಚ್ಚೆಯಲ್ಲಿ ಒಂದಕ್ಕಿಂತ ಹೆಚ್ಚು ಹುಳು ಇರಬಹುದು. ಯುರೋಪಿನ ಧಾನ್ಯದ ಹೊಲಗಳ ಅಗ್ರೊಮೈಜ ಆಂಬಿಗ್ವ, ಅಗ್ರೊಮೈಜ ನೈಗ್ರೆಲ್ಲ, ಬಾರ್ಲಿಯ ಅಗ್ರೊಮೈಜ ಮೆಗಲಾಪ್ಸಿಸ್, ಉತ್ತರ ಅಮೆರಿಕದ ಮೆಕ್ಕೆಜೋಳದ ಅಗ್ರೊಮೈಜ ಪಾರ್ವಿಕಾರ್ನಿಸ್ ಎಲ್ಲವೂ ಈ ಮಾದರಿಯವು. ಲಿರಿಯೊಮೈಜ ಫ್ಲಾವಿಯೋಲದಂಥ ಹುಲ್ಲಿನ ಲಿರಿಯೊಮೈಜಗಳೂ ಎಲೆಯ ಹೊರಗೇ ಕೋಶವಾಗುತ್ತವೆ. ಆದ್ದರಿಂದ ಖಾಲಿ ಸುರಂಗದ ಅಂಚಿನಲ್ಲಿ ಸೀಳು ಇದ್ದು ಒಳಗೆ ಕೋಶ ಇಲ್ಲದಿದ್ದರೆ, ‘ಹೊರಗೆ ಕೋಶವಾಗುವ ಗುಂಪು’ ಎಂದು ಮಾತ್ರ ಬರೆಯಬಹುದು. ಅದರಾಚೆಗೆ ಎಲೆ ಏನನ್ನೂ ಹೇಳುವುದಿಲ್ಲ.

ಸೆರೊಡೊಂಥ ಕುಲದ ಪೊಯೆಮೈಜಗಳು ಸುರಂಗದೊಳಗೇ ಕೋಶವಾಗುತ್ತವೆ. ಕೋಶ ಕಂದು ಅಥವಾ ಕಪ್ಪು, ಹೊಳಪಿನದು, ಪದರದ ಮೂಲಕವೇ ಕಪ್ಪಾಗಿ ಕಾಣುತ್ತದೆ. ಸೆರೊಡೊಂಥ ಇನ್ಸೈಸದಲ್ಲಿ ಹಲವು ಮರಿಗಳು ಒಟ್ಟಿಗೆ ತಿಂದು ಉದ್ದವಾದ ಅಗಲ ಸುರಂಗ ಮಾಡುವುದರಿಂದ, ಒಂದೇ ಸುರಂಗದಲ್ಲಿ ಹಲವು ಕೋಶಗಳು ಸಿಗುತ್ತವೆ. ಇದು ಹುಲ್ಲಿನ ಸುರಂಗಗಳಲ್ಲಿ ಬರಿಗಣ್ಣಿಗೆ ಸಿಗುವ ಒಳ್ಳೆಯ ಗುರುತುಗಳಲ್ಲಿ ಒಂದು. ಇದೇ ಕುಲದ ಸೆರೊಡೊಂಥ ಎಂಬ ಉಪಕುಲದ ರೀತಿ ಬೇರೆ. ಅದರ ಮರಿ ಅಲಗಿನಲ್ಲಿ ತೆಳ್ಳನೆಯ ಗೆರೆ ಕೊರೆಯುತ್ತಾ ಕೆಳಗಿಳಿದು ಎಲೆಕವಚ ಸೇರುತ್ತದೆ. ಉತ್ತರ ಅಮೆರಿಕದ ಸೆರೊಡೊಂಥ ಡಾರ್ಸಾಲಿಸ್, ನ್ಯೂಜಿಲೆಂಡಿನ ಗೋಧಿಗೆ ತೊಂದರೆ ಕೊಡುವ ಸೆರೊಡೊಂಥ ಆಸ್ಟ್ರಾಲಿಸ್ ಎರಡೂ ಕವಚದ ಸುರಂಗ ನೊಣಗಳೆಂದೇ ಹೆಸರಾಗಿವೆ. ಅಲಗನ್ನು ಮಾತ್ರ ನೋಡಿದವರಿಗೆ ಇಲ್ಲಿ ಕಾಣುವುದು ಅರ್ಧಕ್ಕೆ ನಿಂತಂತಿರುವ ಒಂದು ಗೆರೆ. ಹುಳು ಹೊರಬಿತ್ತು ಎಂದು ತಿಳಿದು ಅಗ್ರೊಮೈಜ ಎಂದೋ ಲಿರಿಯೊಮೈಜ ಎಂದೋ ಬರೆದುಬಿಡುವ ಅಪಾಯ ಇದೆ. ಕವಚ ತರಬೇಕೆಂದದ್ದು ಇದಕ್ಕಾಗಿ.

ಮೂರನೆಯ ಭಂಗಿ ಎಲ್ಲಕ್ಕಿಂತ ಸೊಗಸಾದದ್ದು. ಕ್ರೊಮ್ಯಾಟೊಮಿಯ ಎಂದು ಬಹುಕಾಲ ಕರೆಯಲಾಗುತ್ತಿದ್ದ ಗುಂಪಿನ ಮರಿ ತನ್ನ ಗೆರೆ ಸುರಂಗದ ಕೊನೆಯಲ್ಲಿ ಹೊಟ್ಟೆಯ ಭಾಗವನ್ನು ಎಲೆಯ ಹೊರಪದರದ ಕಡೆಗೆ ಮಾಡಿ ಕೋಶವಾಗುತ್ತದೆ. ಕೋಶದ ಮುಂಭಾಗದ ಎರಡು ಉಸಿರುರಂಧ್ರಗಳು ಆ ಪದರವನ್ನು ತೂರಿ ಎರಡು ಸಣ್ಣ ಮೊನೆಗಳಾಗಿ ಹೊರಗೆ ಇಣುಕುತ್ತವೆ. ಮಸೂರದಲ್ಲಿ ಈ ಜೋಡಿ ಮೊನೆ ಕಂಡರೆ ಗುಂಪಿನ ಬಗ್ಗೆ ಅನುಮಾನ ಉಳಿಯುವುದಿಲ್ಲ. ಫೈಟೊಮೈಜ ನೈಗ್ರ, ಫೈಟೊಮೈಜ ಮಿಲಿ, ಉತ್ತರ ಯುರೋಪಿನ ಬಾರ್ಲಿಯ ಫೈಟೊಮೈಜ ಫಸ್ಕ್ಯುಲ ಇಂಥವು. ಕುಲದ ಹೆಸರು ಬದಲಾದದ್ದಕ್ಕೆ ಕಾರಣ 2009ರಲ್ಲಿ ವಿಂಕ್ಲರ್, ಶೆಫರ್, ಮಿಟರ್ ಪ್ರಕಟಿಸಿದ ಡಿಎನ್‌ಎ ಆಧಾರಿತ ವಂಶಾವಳಿ. ಕ್ರೊಮ್ಯಾಟೊಮಿಯ ಪ್ರಭೇದಗಳು ಫೈಟೊಮೈಜದ ಒಳಗಿನ ಕವಲುಗಳೇ ಎಂದು ತೋರಿದ್ದರಿಂದ ಆ ಕುಲವನ್ನು ಫೈಟೊಮೈಜಕ್ಕೆ ಸೇರಿಸಲಾಯಿತು. ಹಳೆಯ ಪುಸ್ತಕ ಹಿಡಿದು ಸುರಂಗ ಗುರುತಿಸುವವರು ಎರಡೂ ಹೆಸರು ಬಲ್ಲವರಾಗಿರಬೇಕು.

ಇಷ್ಟು ಸ್ಪಷ್ಟವಾದ ಗುರುತಿರುವ ಗುಂಪಿನಲ್ಲಿಯೇ ಸುರಂಗದ ಮಿತಿ ಎಲ್ಲಿದೆ ಎಂಬುದೂ ಬಯಲಾಯಿತು. ಮೀಗನ್ 1830ರಲ್ಲಿ ಹೆಸರಿಟ್ಟ ಫೈಟೊಮೈಜ ನೈಗ್ರ ಅತಿ ಸಾಮಾನ್ಯ ಹುಲ್ಲುಸುರಂಗ ನೊಣವೆಂದು ಪ್ರಸಿದ್ಧವಾಗಿತ್ತು. ಗೆರೆ ಸುರಂಗ, ಕೊನೆಯಲ್ಲಿ ಕೋಶ, ಹೊರಗೆ ಎರಡು ಮೊನೆ, ಇಷ್ಟು ಕಂಡರೆ ನೈಗ್ರ ಎಂದು ಬರೆಯುವುದು ರೂಢಿಯಾಗಿತ್ತು. ಗ್ರಿಫಿತ್ಸ್ 1980ರಲ್ಲಿ ಏಕದಳ ಸಸ್ಯಗಳ ಕ್ರೊಮ್ಯಾಟೊಮಿಯಗಳ ಮೇಲೆ ಪ್ರಕಟಿಸಿದ ವಿಸ್ತಾರವಾದ ಅಧ್ಯಯನದಲ್ಲಿ, ಸುರಂಗದಿಂದ ಬೆಳೆಸಿದ ಗಂಡುನೊಣಗಳ ಜನನಾಂಗವನ್ನು ಬಿಡಿಸಿ ನೋಡಿ, ಈ ರೂಢಿಯ ಹೆಸರಿನಡಿ ಒಂದಕ್ಕಿಂತ ಹೆಚ್ಚು ಪ್ರಭೇದಗಳಿವೆ ಎಂದು ವಿಂಗಡಿಸಿದರು. ಅವುಗಳ ಸುರಂಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಬೇರೆಮಾಡಲು ಆಗುವುದಿಲ್ಲ. 1980ಕ್ಕೆ ಮೊದಲು ಸುರಂಗವೊಂದನ್ನೇ ನೋಡಿ ನೈಗ್ರ ಎಂದು ಬರೆದ ದಾಖಲೆಗಳನ್ನು ಗುಂಪಿನ ಹೆಸರಾಗಿ ಓದಬೇಕೇ ಹೊರತು ಪ್ರಭೇದದ ಹೆಸರಾಗಿ ಅಲ್ಲ ಎಂದು ನಾನು ಹೇಳುವುದು ಇದರಿಂದ. ಸೆರೊಡೊಂಥದ ವಿಷಯದಲ್ಲಿ ಇದೇ ಬಗೆಯ ಕೆಲಸವನ್ನು ಪೋಲೆಂಡಿನ ನೊವಾಕೊವ್ಸ್ಕಿ 1973ರ ತಮ್ಮ ಯುರೋಪಿಯನ್ ಸೆರೊಡೊಂಥ ಗ್ರಂಥದಲ್ಲಿ ಮಾಡಿದರು. ನೊಣ, ಮರಿಹುಳು, ಸುರಂಗ, ಗಿಡ ನಾಲ್ಕನ್ನೂ ಒಟ್ಟಿಗೆ ಇಟ್ಟು ಪ್ರಭೇದಗಳನ್ನು ನಿರ್ಧರಿಸಬೇಕು ಎಂಬ ಅವರ ಕ್ರಮ ಇಂದಿಗೂ ಮಾದರಿ.

ಹಾಗಾದರೆ ನೊಣ ಹೊರಬಂದು ಹೋದ ಹಳೆಯ ಸುರಂಗದಿಂದ ಪ್ರಯೋಜನವಿಲ್ಲವೇ? ಬಹಳ ಇದೆ, ಮತ್ತು ಇದನ್ನು ಬಳಸಿಕೊಳ್ಳುವವರು ಕಡಿಮೆ ಎಂಬುದು ನನಗೆ ಬೇಸರದ ವಿಷಯ. ನೊಣದ ಮರಿ ಮೂರು ಹಂತಗಳಲ್ಲಿ ಬೆಳೆಯುತ್ತದೆ. ಒಂದನೆಯ ಮತ್ತು ಎರಡನೆಯ ಹಂತದ ಕೊನೆಯಲ್ಲಿ ಚರ್ಮದ ಜೊತೆ ಬಾಯಿಕೊಕ್ಕೆಯನ್ನೂ ಕಳಚುತ್ತದೆ. ಆ ಕಪ್ಪು ಕೊಕ್ಕೆಗಳು ಸುರಂಗದಲ್ಲೇ ಹಿಕ್ಕೆಯ ನಡುವೆ ಬಿದ್ದಿರುತ್ತವೆ. ಮೂರನೆಯ ಹಂತದ ಕೊಕ್ಕೆ ಕೋಶದ ಚಿಪ್ಪಿನ ಒಳಗೆ, ಮುಂಭಾಗದ ಹೊಟ್ಟೆಯ ಕಡೆಯ ಮುಚ್ಚಳಕ್ಕೆ ಅಂಟಿಕೊಂಡು ಉಳಿಯುತ್ತದೆ. ಮರಿಹುಳುವಿನ ಹಿಂಭಾಗದ ಉಸಿರುರಂಧ್ರಗಳೂ ಚಿಪ್ಪಿನ ಹಿಂತುದಿಯಲ್ಲಿ ಹಾಗೇ ಇರುತ್ತವೆ. ಅಂದರೆ ಖಾಲಿ ಚಿಪ್ಪು ಸಿಕ್ಕರೆ ಮರಿಹುಳುವಿನ ಮುಖ್ಯ ಲಕ್ಷಣಗಳೆಲ್ಲ ಸಿಕ್ಕಂತೆ. ಚಿಪ್ಪನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮೆತ್ತಗೆ ಮಾಡಿ, ತೊಳೆದು, ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಿಂಭಾಗದ ಪ್ರತಿ ಉಸಿರುರಂಧ್ರದಲ್ಲೂ ಎಷ್ಟು ಬುಗುಟುಗಳಿವೆ ಎಂದು ಎಣಿಸಬಹುದು. ಹುಲ್ಲಿನ ಅಗ್ರೊಮೈಜಗಳಲ್ಲಿ ಮೂರು. ಸೆರೊಡೊಂಥದಲ್ಲೂ ಹೆಚ್ಚಾಗಿ ಮೂರೇ. ಫೈಟೊಮೈಜಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ಬಾಯಿಕೊಕ್ಕೆಯ ಹಲ್ಲುಗಳ ಸಂಖ್ಯೆ ಮತ್ತು ಜೋಡಣೆ ಇದಕ್ಕೆ ಪೂರಕ. ಡ ಮೇಯರೆ ನೂರು ವರ್ಷದ ಹಿಂದೆ ಬಿಡಿಸಿಟ್ಟ ಚಿತ್ರಗಳು ಇವತ್ತೂ ಉಪಯೋಗಕ್ಕೆ ಬರುವುದು ಇಲ್ಲಿ. ಸುರಂಗದ ಆಕಾರದ ಮೇಲೆ ಎರಡು ಪುಟ ವಾದ ಮಾಡುವ ಬದಲು ಒಂದು ಚಿಪ್ಪನ್ನು ಗಾಜಿನ ಮೇಲೆ ಹರಡುವುದು ಉತ್ತಮ.

ಇದೇ ಉಸಿರುರಂಧ್ರ ಮತ್ತೊಂದು ಕುಟುಂಬವನ್ನು ಬೇರ್ಪಡಿಸುವುದಕ್ಕೂ ಬೇಕು. ಎಫಿಡ್ರಿಡೆ ಕುಟುಂಬದ ಹೈಡ್ರೆಲಿಯ ನೊಣಗಳು ನೀರಿನ ಬದಿಯ ಹುಲ್ಲುಗಳಲ್ಲಿ ಮತ್ತು ಭತ್ತದಲ್ಲಿ ಬೆಳೆಯುತ್ತವೆ. ಫಾಲೆನ್ 1813ರಲ್ಲಿ ವಿವರಿಸಿದ ಹೈಡ್ರೆಲಿಯ ಗ್ರಿಸಿಯೋಲ ಯುರೋಪಿನಲ್ಲಿ ಬಾರ್ಲಿ ಮತ್ತು ಕಾಡುಹುಲ್ಲುಗಳಲ್ಲಿ ಸುರಂಗ ಕೊರೆಯುತ್ತದೆ. ಕ್ಯಾಲಿಫೋರ್ನಿಯದ ಭತ್ತದಲ್ಲಿ ಅದು ದೊಡ್ಡ ಪೀಡೆಯಾದ ಮೇಲೆ ಗ್ರಿಗಾರಿಕ್ 1959ರಲ್ಲಿ ಅದರ ಜೀವನಕ್ರಮದ ವಿವರವಾದ ವರದಿ ಪ್ರಕಟಿಸಿದರು. ಸುರಂಗವನ್ನು ದೂರದಿಂದ ನೋಡಿದರೆ ಅಗ್ರೊಮೈಜಿಡೆಯದೇ ಅನ್ನಿಸುತ್ತದೆ. ವ್ಯತ್ಯಾಸಗಳು ಮೂರು ಕಡೆ ಇವೆ. ಹೈಡ್ರೆಲಿಯ ಮೊಟ್ಟೆಯನ್ನು ಎಲೆಯ ಮೇಲ್ಮೈಗೆ ಅಂಟಿಸುತ್ತದೆ, ಒಡೆದ ಮೊಟ್ಟೆಯ ಬಿಳಿ ಸಿಪ್ಪೆ ಸುರಂಗದ ಬಾಯಿಯ ಬಳಿ ಉಳಿದಿರಬಹುದು. ಅಗ್ರೊಮೈಜಿಡೆ ಮೊಟ್ಟೆಯನ್ನು ಎಲೆಯೊಳಗೆ ತೂರಿಸುತ್ತದೆ, ಹೊರಗೆ ಸಿಪ್ಪೆ ಸಿಗದು. ಹೈಡ್ರೆಲಿಯ ಮರಿ ಒಂದು ಎಲೆ ಬಿಟ್ಟು ಇನ್ನೊಂದಕ್ಕೆ ಹೋಗಿ ಹೊಸ ಸುರಂಗ ಕೊರೆಯಬಲ್ಲದು. ನಿರ್ಣಾಯಕ ಗುರುತು ಹಿಂತುದಿಯದು: ಅದರ ಹಿಂಭಾಗದ ಉಸಿರುರಂಧ್ರಗಳು ಎರಡು ಟೊಳ್ಳು ಮುಳ್ಳುಗಳ ತುದಿಯಲ್ಲಿವೆ. ಆ ಮುಳ್ಳನ್ನು ಗಿಡದ ಗಾಳಿತುಂಬಿದ ಅಂಗಾಂಶಕ್ಕೆ ಚುಚ್ಚಿ, ನೀರಿನಡಿ ಇದ್ದರೂ ಹುಳು ಗಿಡದೊಳಗಿನ ಗಾಳಿಯನ್ನೇ ಉಸಿರಾಡುತ್ತದೆ. ಕೋಶದ ಚಿಪ್ಪಿನಲ್ಲೂ ಆ ಮುಳ್ಳುಗಳು ಉಳಿಯುತ್ತವೆ. ಒದ್ದೆ ನೆಲದ ಹುಲ್ಲಿನಿಂದ ತಂದ ಯಾವುದೇ ಕೋಶದ ಹಿಂತುದಿಯನ್ನು ನೋಡದೆ ಕುಟುಂಬದ ಹೆಸರನ್ನೂ ಬರೆಯಬಾರದು.

ಪರಾವಲಂಬಿ ಕಣಜಗಳು ಇನ್ನೊಂದು ತೊಡಕು ತರುತ್ತವೆ. ಯೂಲೋಫಿಡೆ ಕುಟುಂಬದ ಡಿಗ್ಲಿಫಸ್ ಕಣಜ ಸುರಂಗದಲ್ಲಿರುವ ಮರಿಯನ್ನು ಚುಚ್ಚಿ ನಿಶ್ಚೇಷ್ಟಗೊಳಿಸಿ, ಅದರ ಪಕ್ಕದಲ್ಲಿ ಮೊಟ್ಟೆ ಇಡುತ್ತದೆ. ಹೊರಗಿನಿಂದಲೇ ಮರಿಯನ್ನು ತಿಂದು ಮುಗಿಸಿದ ಕಣಜದ ಹುಳು ಸುರಂಗದಲ್ಲೇ ಕೋಶವಾಗುತ್ತದೆ, ಅದಕ್ಕೆ ಮೊದಲು ತನ್ನ ಮಲದಿಂದ ಸಣ್ಣ ಕಂಬಗಳನ್ನು ನಿಲ್ಲಿಸಿ ಎರಡು ಪದರಗಳು ಕುಸಿಯದಂತೆ ಆಧಾರ ಕೊಟ್ಟುಕೊಳ್ಳುತ್ತದೆ. ಈ ಕಪ್ಪು ಕೋಶವನ್ನು ನೊಣದ್ದೆಂದು ಭಾವಿಸಿದರೆ, ಹೊರಗೆ ಕೋಶವಾಗುವ ಅಗ್ರೊಮೈಜವನ್ನು ಒಳಗೆ ಕೋಶವಾಗುವ ಸೆರೊಡೊಂಥ ಎಂದು ಓದಿದಂತಾಗುತ್ತದೆ. ಕಣಜದ ಕೋಶದಲ್ಲಿ ಕಣ್ಣು, ಕಾಲು, ರೆಕ್ಕೆಗಳ ಮೊಳಕೆ ಬಿಡಿಯಾಗಿ ಕಾಣುತ್ತವೆ. ನೊಣದ ಕೋಶ ಉಂಗುರಗಳುಳ್ಳ ಮುಚ್ಚಿದ ಚಿಪ್ಪು. ಹೊರಬರುವ ರೀತಿಯೂ ಬೇರೆ: ನೊಣ ಚಿಪ್ಪಿನ ಮುಂತುದಿಯನ್ನು ಎರಡು ಮುಚ್ಚಳಗಳಾಗಿ ತೆರೆದು ಬರುತ್ತದೆ, ಡಾಕ್ನುಸದಂಥ ಒಳಪರಾವಲಂಬಿ ಕಣಜ ಚಿಪ್ಪಿಗೆ ತೂತು ಕಡಿದು ಬರುತ್ತದೆ. ದಾಳಿಗೆ ಸಿಕ್ಕ ಹುಳುವಿನ ಸುರಂಗ ಅರ್ಧಕ್ಕೆ ನಿಲ್ಲುತ್ತದೆ. ಮಚ್ಚೆಯಾಗುವ ಮೊದಲೇ ಸತ್ತ ಅಗ್ರೊಮೈಜದ ಸುರಂಗ ಶುದ್ಧ ಗೆರೆ ಸುರಂಗದಂತೆಯೇ ಕಾಣುತ್ತದೆ. ಹುಲ್ಲಿನ ಸುರಂಗಗಳಲ್ಲಿ ಆಕಾರ ನೋಡಿ ಹೆಸರಿಡುವುದಕ್ಕೆ ಇದಕ್ಕಿಂತ ಬಲವಾದ ಆಕ್ಷೇಪ ನನಗೆ ತಿಳಿದಿಲ್ಲ.

ಪ್ರಭೇದದ ಹೆಸರು ಬೇಕೇಬೇಕು ಎಂದರೆ ಹುಳುವನ್ನು ಬೆಳೆಸಿ ಗಂಡುನೊಣ ಪಡೆಯಬೇಕು. ಹೆಣ್ಣಿನಿಂದ ಅನೇಕ ಗುಂಪುಗಳಲ್ಲಿ ನಿರ್ಧಾರ ಸಾಧ್ಯವಿಲ್ಲ. ಹುಲ್ಲು ಕಿತ್ತ ಗಳಿಗೆಯಿಂದ ಒಣಗಿ ಸುರುಟಿಕೊಳ್ಳುವುದರಿಂದ, ಬೇರು ಅಥವಾ ಕವಚವನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಮುಚ್ಚಿದ ಗಾಜಿನ ಕೊಳವೆಯಲ್ಲಿ ಇಡುವುದು ಒಳ್ಳೆಯದು. ನೀರು ಹನಿಕಟ್ಟಿದರೆ ಬೂಷ್ಟು, ಒಣಗಿದರೆ ಸಾವು. ಹೊರಗೆ ಕೋಶವಾಗುವವಕ್ಕೆ ತಳದಲ್ಲಿ ತುಸು ತೇವದ ಮರಳು ಇರಲಿ. ಚಳಿ ದೇಶಗಳ ಅಗ್ರೊಮೈಜಗಳಲ್ಲಿ ಎಷ್ಟೋ ವರ್ಷಕ್ಕೆ ಒಂದೇ ತಲೆಮಾರಿನವು. ಕೋಶ ಇಡೀ ಚಳಿಗಾಲ ಮಣ್ಣಿನಲ್ಲಿ ಕಳೆಯಬೇಕು, ಬೆಚ್ಚನೆಯ ಕೋಣೆಯಲ್ಲಿ ಇಟ್ಟರೆ ನೊಣ ಬರುವುದೇ ಇಲ್ಲ. ನೊಣ ಹೊರಬಂದ ಮೇಲೆ ಅದರ ಚಿಪ್ಪನ್ನು ಎಸೆಯದೆ ನೊಣದ ಸೂಜಿಗೇ ಸೇರಿಸಿ ಇಡಬೇಕು. ಸುರಂಗವಿರುವ ಎಲೆ, ಕವಚ, ಚಿಪ್ಪು, ನೊಣ ಎಲ್ಲಕ್ಕೂ ಒಂದೇ ಗುರುತುಸಂಖ್ಯೆ ಇರಬೇಕು. ಈ ನಾಲ್ಕು ಬೇರೆಬೇರೆ ಪೆಟ್ಟಿಗೆ ಸೇರಿದ ದಿನ ಅವುಗಳ ನಡುವಿನ ಸಂಬಂಧ ಕಡಿದುಹೋಗುತ್ತದೆ, ಮುಂದೆ ಬರುವ ಯಾವ ಪರಿಣತನೂ ಅದನ್ನು ಮತ್ತೆ ಕಟ್ಟಲಾರ.

ಇನ್ನು ನಮ್ಮ ನೆಲದ ಮಾತು. ಯುರೋಪಿನ ಕೋಷ್ಟಕಗಳನ್ನು ತಂದು ಕರ್ನಾಟಕದ ಹುಲ್ಲಿನ ಮೇಲೆ ಇಟ್ಟು ಹೆಸರು ಓದುವಂತಿಲ್ಲ. ಇಲ್ಲಿನ ಪ್ರಭೇದಗಳು ಬೇರೆ, ಸುರಂಗ ಕೊರೆಯುವ ಇತರ ಕೀಟಗಳ ಬಳಗವೂ ಬೇರೆ. ಏಷ್ಯಾದ ಅಗ್ರೊಮೈಜಿಡೆಗಳ ಮೊದಲ ವ್ಯವಸ್ಥಿತ ಸಾರಾಂಶ ಸ್ಪೆನ್ಸರ್ 1961ರಲ್ಲಿ ಕೊಟ್ಟದ್ದು. ಭಾರತದ ಪ್ರಭೇದಗಳನ್ನು ಆಗ್ರಾದ ಸೇಂಟ್ ಜಾನ್ಸ್ ಕಾಲೇಜಿನ ಕೀಟಶಾಸ್ತ್ರ ವಿಭಾಗದಿಂದ ಸಿಂಗ್ ಮತ್ತು ಐಪ್ 1973ರಲ್ಲಿ ಗ್ರಂಥರೂಪದಲ್ಲಿ ಒಟ್ಟುಮಾಡಿದರು. ಮೆಕ್ಕೆಜೋಳ ಮತ್ತು ಕಬ್ಬಿನ ಎಲೆಗಳಲ್ಲಿ ಕೊರೆಯುವ ಸ್ಯೂಡೊನಾಪೊಮೈಜ ಸ್ಪೈಕೇಟ ಏಷ್ಯಾದ ಉಷ್ಣವಲಯದಲ್ಲಿ ವ್ಯಾಪಕವಾಗಿ ಹರಡಿರುವ ನೊಣ, ಈ ಎರಡು ಬೆಳೆಗಳಲ್ಲಿ ತೆಳ್ಳನೆಯ ಗೆರೆ ಕಂಡಾಗ ಮೊದಲು ನೆನೆಯಬೇಕಾದದ್ದು.

ಭತ್ತದಲ್ಲಿ ಗೊಂದಲಕ್ಕೆ ಹೆಚ್ಚು ಅವಕಾಶ ಇದೆ. ಭತ್ತದ ಎಲೆಯಲ್ಲಿ ಎರಡು ಪದರಗಳ ನಡುವೆ ಕೊರೆದ ಬಿಳಿ ಮಚ್ಚೆ ಕಂಡರೆ ಅದು ಬಹುತೇಕ ನೊಣದ್ದಲ್ಲ, ಹಿಸ್ಪಾ ಎನ್ನುವ ಮುಳ್ಳುಮೈಯ ದುಂಬಿಯ ಮರಿಯದು. ಡೈಕ್ಲಾಡಿಸ್ಪ ಆರ್ಮಿಜೆರ ಎಂಬ ಈ ದುಂಬಿಯ ಮರಿಗೆ ಸ್ಪಷ್ಟವಾದ ತಲೆಯೂ ಗಿಡ್ಡ ಕಾಲುಗಳೂ ಇದ್ದು, ಚಪ್ಪಟೆ ದೇಹದ್ದಾಗಿರುತ್ತದೆ, ಸುರಂಗದಲ್ಲೇ ಕೋಶವಾಗುತ್ತದೆ. ಅದೇ ಎಲೆಯ ಮೇಲೆ ದೊಡ್ಡ ದುಂಬಿಗಳು ಹಸಿರನ್ನು ಕೆರೆದ ಸಮಾನಾಂತರ ಬಿಳಿ ಗೀರುಗಳು ಇರುತ್ತವೆ, ಗೀರು ಮತ್ತು ಮಚ್ಚೆ ಜೊತೆಗಿದ್ದರೆ ಬೇರೆ ಪುರಾವೆ ಬೇಡ. ಕಬ್ಬಿನಲ್ಲೂ ಇದೇ ವರ್ಗದ ಅಸಮಂಗುಲಿಯ ದುಂಬಿ ಎಲೆ ಕೊರೆಯುತ್ತದೆ. ಭತ್ತದ ನೊಣವೆಂದರೆ ಫೆರಿನೊ 1968ರಲ್ಲಿ ಹೆಸರಿಟ್ಟ ಹೈಡ್ರೆಲಿಯ ಫಿಲಿಪ್ಪಿನ. ನಾಟಿ ಮಾಡಿದ ಎಳೆಯ ಪೈರಿನ, ಇನ್ನೂ ಬಿಚ್ಚಿಕೊಳ್ಳದ ಸುಳಿಯೆಲೆಯ ಒಳ ಅಂಚನ್ನು ಅದರ ಮರಿ ತಿನ್ನುತ್ತದೆ. ಎಲೆ ಬಿಚ್ಚಿಕೊಂಡಾಗ ಅಂಚಿನುದ್ದಕ್ಕೂ ಬಿಳಚಿದ ಪಟ್ಟಿ, ಸಣ್ಣ ತೂತುಗಳು ಕಾಣುತ್ತವೆ. ಮೇಲೆ ಹೇಳಿದ ಅರ್ಥದಲ್ಲಿ ಇದು ಸುರಂಗವಲ್ಲ, ಎರಡೂ ಪದರ ಉಳಿದಿರುವುದಿಲ್ಲ. ಇದನ್ನು ಎಲೆಸುರಂಗ ನೊಣವೆಂದು ದಾಖಲಿಸಿದರೆ ಮುಂದೆ ಭತ್ತದಲ್ಲಿ ನಿಜವಾದ ಅಗ್ರೊಮೈಜಿಡೆ ಹುಡುಕುವವರಿಗೆ ದಾರಿ ತಪ್ಪುತ್ತದೆ. ಜೋಳದ ಸುಳಿ ನೊಣ ಅಥೆರಿಗೋನ ಸೊಕ್ಕಾಟ ಸುಳಿಯನ್ನೇ ಕೊಲ್ಲುವ ನೊಣ, ಅದು ಈ ಚರ್ಚೆಯ ಹೊರಗಿನದು.

ರಾಗಿ, ಸಾಮೆ, ನವಣೆ ಹೊಲಗಳ ಬದುಗಳಲ್ಲಿ, ಕೆರೆಯಂಚಿನ ಹುಲ್ಲು ಮತ್ತು ಜೇಕಿನಲ್ಲಿ, ಮಲೆನಾಡಿನ ಬಿದಿರು ಮೆಳೆಗಳಲ್ಲಿ ಸುರಂಗ ಹುಡುಕುವವರಿಗೆ ನಾನು ಸೂಚಿಸುವ ದಾಖಲೆಯ ಕ್ರಮ ಇಷ್ಟು. ಚೀಟಿಯಲ್ಲಿ ಗಿಡದ ಹೆಸರಿನ ಜೊತೆ ಅದನ್ನು ಯಾವ ಭಾಗದಿಂದ ಗುರುತಿಸಿದ್ದು ಎಂದು ಬರೆಯಬೇಕು. ಸುರಂಗ ಅಲಗಿನಲ್ಲಿ ನಿಂತಿತೋ ಕವಚಕ್ಕೆ ಇಳಿಯಿತೋ, ಹಿಕ್ಕೆ ಒಂದು ಸಾಲೋ ಎರಡೋ, ಒಳಗೆ ಎಷ್ಟು ಹುಳು, ಕೋಶ ಒಳಗೋ ಹೊರಗೋ, ಒಳಗಾದರೆ ಉಸಿರುಮೊನೆ ಹೊರಗೆ ಬಂದಿದೆಯೋ ಇಲ್ಲವೋ ಎಂಬುದು ಇರಬೇಕು. ಕೀಟದ ಹೆಸರಿನ ಮುಂದೆ ಅದು ಸುರಂಗದಿಂದ, ಮರಿಯಿಂದ, ಚಿಪ್ಪಿನಿಂದ, ಹೆಣ್ಣಿನಿಂದ ಅಥವಾ ಗಂಡಿನಿಂದ ನಿರ್ಧರಿಸಿದ್ದು ಎಂಬ ಒಂದು ಪದ ಸೇರಿಸಬೇಕು. ಸುರಂಗ ಮಾತ್ರ ಇದ್ದಲ್ಲಿ ಹೆಸರು ಕುಲಕ್ಕೆ ನಿಲ್ಲಲಿ, ಕೋಶವೂ ಇಲ್ಲದಿದ್ದಲ್ಲಿ ಕುಟುಂಬಕ್ಕೆ. ಎಲೆಯನ್ನು ಕಾಗದದ ನಡುವೆ ಒತ್ತಿ ಒಣಗಿಸುವ ಮೊದಲು ಕೋಶವನ್ನು ಬಿಡಿಸಿ ಪ್ರತ್ಯೇಕ ಸಣ್ಣ ಕೊಳವೆಗೆ ಹಾಕಿ, ಅದೇ ಸಂಖ್ಯೆ ಬರೆದು, ಎಲೆಯ ಹಾಳೆಗೇ ಅಂಟಿಸಬೇಕು. ಒತ್ತಿದ ಎಲೆಯೊಳಗೆ ಚಪ್ಪಟೆಯಾದ ಚಿಪ್ಪಿನಲ್ಲಿ ಬುಗುಟುಗಳನ್ನು ಎಣಿಸಲು ಆಗುವುದಿಲ್ಲ.